ಕಾರ್ಫು ದ್ವೀಪದ ಗೀತನಾಟಕ ಪರಂಪರೆ

ವಿಹಾರಕ್ಕೆಂದು ಹೆಸರಾದ ದ್ವೀಪಗಳಲ್ಲಿ ಉನ್ನತ ಕಲೆಗಳಿಗೆ ಆಶ್ರಯವು ದೊರೆಯುವುದು ಅಪರೂಪವೆಂದೂ, ದೊರೆತರೂ ಅದು ಹೊರಗಿನಿಂದ ಬಂದ ಶ್ರೀಮಂತರ ಕಾಲಹರಣಕ್ಕಾಗಿ ಕೆಲವು ದಿನ ಬೆಳಗಿ ಅವರೊಡನೆಯೇ ಹಡಗನ್ನೇರಿ ಹೊರಟುಹೋಗುವುದೆಂದೂ ಸಾಮಾನ್ಯವಾದ ಒಂದು ಅಭಿಪ್ರಾಯವುಂಟು. ಈ ಅಭಿಪ್ರಾಯವು ಎಲ್ಲ ಕಡೆಯೂ ಸಲ್ಲುವುದೇ ಎಂಬುದನ್ನು ಪರೀಕ್ಷಿಸುವುದಕ್ಕೆ ಗ್ರೀಸ್ ದೇಶದ ವಾಯವ್ಯದಲ್ಲಿರುವ ಕಾರ್ಫು ದ್ವೀಪದ ಚರಿತ್ರೆಯು ಒಳ್ಳೆಯ ನಿದರ್ಶನವಾಗಿದೆ. ಸುಮಾರು ೬೦೦ ಚದರ ಕಿಲೋಮೀಟರು ವಿಸ್ತಾರವುಳ್ಳ ಈ ಸಣ್ಣ ದ್ವೀಪದಲ್ಲಿ ಆಪೆರಾ ಎಂಬ ಇಟಲಿಯ ಗೀತನಾಟಕವು ಹದಿನೆಂಟನೆಯ ಶತಮಾನದಲ್ಲಿ ಕಾಲಿಟ್ಟಿತು. ಅದನ್ನು ತಂದ ಪ್ರಭುಗಳು ಅಳಿದರು. ಅವರ ಬಳಿಕ ಬಂದ ಪ್ರಭುಗಳೂ ತೆರಳಿದರು. ನಾಟಕಶಾಲೆಯೇ ಬೆಂಕಿಗೆ ಆಹುತಿಯಾಯಿತು. ಆದರೂ ಆ ಸಂಗೀತವು ದ್ವೀಪದ ಬೀದಿಗಳಲ್ಲಿ ಉಳಿದುಬಂದಿದೆ. ಇದು ಹೇಗೆ ಸಾಧ್ಯವಾಯಿತೆಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

ಗ್ರೀಕರು ಕೆರ್ಕಿರಾ ಎಂದು ಕರೆಯುವ ಈ ದ್ವೀಪವು ೧೩೮೬ರಿಂದ ೧೭೯೭ರವರೆಗೆ, ಎಂದರೆ ನಾಲ್ಕು ಶತಮಾನಗಳಿಗಿಂತಲೂ ಹೆಚ್ಚು ಕಾಲ, ವೆನಿಸ್ ಗಣರಾಜ್ಯದ ಅಧೀನದಲ್ಲಿದ್ದಿತು. ಆಡ್ರಿಯಾಟಿಕ್ ಸಮುದ್ರದ ಬಾಗಿಲಿನಲ್ಲಿರುವುದರಿಂದ ಇದನ್ನು ಕಳೆದುಕೊಂಡರೆ ತಮ್ಮ ವ್ಯಾಪಾರಕ್ಕೇ ಕುತ್ತು ಬರುವುದೆಂದು ವೆನಿಸಿನವರು ಬಲ್ಲರು. ಆದುದರಿಂದಲೇ ಅವರು ಇಲ್ಲಿ ಭದ್ರವಾದ ಕೋಟೆಗಳನ್ನು ಕಟ್ಟಿದರು. ರೈತರಿಗೆ ಉತ್ತೇಜನವಿತ್ತು ಬೆಟ್ಟದ ಇಳಿಜಾರುಗಳಲ್ಲೆಲ್ಲ ಆಲಿವ್ ಮರಗಳನ್ನು ನೆಡಿಸಿದರು. ಆ ಮರಗಳ ಎಣ್ಣೆಯೇ ದ್ವೀಪದ ಮುಖ್ಯ ಸಂಪತ್ತಾಯಿತು. ಆದರೆ ಆ ಸಂಪತ್ತಿನ ಬಹುಭಾಗವು ಪಟ್ಟಣದಲ್ಲಿ ವಾಸಿಸುತ್ತಿದ್ದ ಭೂಮಾಲಿಕರಾದ ಕುಲೀನರಿಗೆ ಸೇರುತ್ತಿದ್ದಿತು. ರಾಜ್ಯಭಾರದ ಭಾಷೆ ಇಟಾಲಿಯನ್. ಜನರ ಮನೆಮಾತು ಗ್ರೀಕ್. ಪ್ರಭುಗಳ ಮತ ಕ್ಯಾಥೊಲಿಕ್. ಜನರ ಮತ ಆರ್ಥೊಡಾಕ್ಸ್. ಈ ಎರಡು ಭೇದಗಳನ್ನು ಗಮನದಲ್ಲಿಟ್ಟುಕೊಂಡರೆ ಮುಂದಿನ ಕಥೆಯು ಸುಲಭವಾಗಿ ತಿಳಿಯುವುದು.

ದ್ವೀಪದ ಹೆಸರು ಯೂರೋಪಿನ ಸಂಗೀತಚರಿತ್ರೆಯೊಡನೆ ಮೊದಲು ಹೆಣೆದುಕೊಂಡದ್ದು ಒಂದು ಯುದ್ಧದ ಮೂಲಕ. ೧೭೧೬ರ ಬೇಸಿಗೆಯಲ್ಲಿ ತುರ್ಕರ ದೊಡ್ಡ ಸೈನ್ಯವು ಕಾರ್ಫುವಿಗೆ ಮುತ್ತಿಗೆ ಹಾಕಿತು. ವೆನಿಸಿನ ಸೇವೆಯಲ್ಲಿದ್ದ ಶೂಲೆನ್‌ಬುರ್ಗ್ ಎಂಬ ಜರ್ಮನ್ ಸೇನಾನಿಯು ಕೋಟೆಯನ್ನು ದಿಟ್ಟತನದಿಂದ ಕಾಯ್ದನು. ಆಗಸ್ಟ್ ತಿಂಗಳಲ್ಲಿ ಶತ್ರುಗಳು ಮುತ್ತಿಗೆಯನ್ನು ಬಿಟ್ಟು ಹಿಂದೆಗೆದರು. ದ್ವೀಪದ ಜನರು ಈ ಬಿಡುಗಡೆಯನ್ನು ತಮ್ಮ ರಕ್ಷಕನಾದ ಸಂತ ಸ್ಪಿರಿಡಾನನ ಮಹಿಮೆಯೆಂದು ನಂಬಿ, ಪ್ರತಿವರ್ಷವೂ ಆಗಸ್ಟ್ ೧೧ರಂದು ಅವನ ಪಾರ್ಥಿವ ದೇಹವನ್ನು ಮೆರವಣಿಗೆಯಲ್ಲಿ ಒಯ್ಯುವ ಪದ್ಧತಿಯನ್ನು ಇಟ್ಟುಕೊಂಡರು. ಅತ್ತ ವೆನಿಸ್ ನಗರದಲ್ಲಿ ಅದೇ ವರ್ಷ ಆಂಟೋನಿಯೊ ವಿವಾಲ್ದಿಯು ಈ ವಿಜಯದ ಸಂಭ್ರಮಕ್ಕಾಗಿ 'ಯುದೀತಾ ತ್ರಿಯುಂಫಾನ್ಸ್' ಎಂಬ ಗೇಯಕೃತಿಯನ್ನು ರಚಿಸಿದನು. ಹೀಗೆ ಒಂದೇ ಘಟನೆಯು ದ್ವೀಪದಲ್ಲಿ ಮೆರವಣಿಗೆಯಾಗಿಯೂ ರಾಜಧಾನಿಯಲ್ಲಿ ಸಂಗೀತವಾಗಿಯೂ ಪರಿಣಮಿಸಿತು. ಮುಂದೆ ಈ ಎರಡೂ, ಮೆರವಣಿಗೆ ಮತ್ತು ಸಂಗೀತ, ಕಾರ್ಫುವಿನಲ್ಲಿಯೇ ಒಂದುಗೂಡಲಿದ್ದವು.

ಪಟ್ಟಣದ ನಡುವೆ ಕುಲೀನರು ಸೇರಿ ಮಾತುಕತೆಯಾಡುವುದಕ್ಕೆಂದು ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಒಂದು ಕಲ್ಲಿನ ಮಂಟಪವಿದ್ದಿತು. ಅದನ್ನು ೧೭೨೦ರಲ್ಲಿ ನಾಟಕಶಾಲೆಯನ್ನಾಗಿ ಮಾರ್ಪಡಿಸಿದರು. ಸಮೀಪದಲ್ಲಿದ್ದ ಕ್ಯಾಥೊಲಿಕ್ ದೇವಾಲಯದ ಹೆಸರೇ ಇದಕ್ಕೂ ಬಂದು, ಇದು ಸಾನ್ ಜಾಕೊಮೊ ನಾಟಕಶಾಲೆಯೆಂದು ಪ್ರಸಿದ್ಧವಾಯಿತು. ಇಲ್ಲಿ ಗೀತನಾಟಕವು ಮೊದಲು ನಡೆದದ್ದು ೧೭೩೩ರಲ್ಲಿ. ಆಡಿದ ಕೃತಿಯು ಹಾಸ್ಸೆ ಎಂಬ ಜರ್ಮನ್ ಸಂಗೀತಗಾರನು ಸಿರಾಕೂಸಿನ ದೊರೆಯಾದ ಗೆರೋನೆಯ ಕಥೆಯನ್ನು ಕುರಿತು ರಚಿಸಿದ್ದು. ೧೭೭೧ರಿಂದ ಮುಂದೆ ಪ್ರದರ್ಶನಗಳು ಕ್ರಮವಾಗಿ ನಡೆಯತೊಡಗಿದವು.

ಕನ್ನಡನಾಡಿನ ಯಕ್ಷಗಾನದಲ್ಲಿ ಭಾಗವತನು ಪದಗಳನ್ನು ಹಾಡುವನು, ಪಾತ್ರಧಾರಿಗಳು ಕುಣಿದು ಅರ್ಥ ಹೇಳುವರು. ಯೂರೋಪಿನ ಗೀತನಾಟಕದಲ್ಲಿಯಾದರೋ ಪಾತ್ರಧಾರಿಯೇ ಹಾಡಬೇಕು. ಸಂಭಾಷಣೆಯೂ ಬಹುಮಟ್ಟಿಗೆ ಹಾಡಿನ ರೂಪದಲ್ಲಿಯೇ ಇರುವುದು. ರಂಗದ ಮುಂದೆ ಹತ್ತಾರು ಮಂದಿ ವಾದ್ಯಗಾರರ ಮೇಳವಿರಬೇಕು. ಇಂತಹ ಕಲೆಗೆ ವೆಚ್ಚವು ಬಹಳ. ಕಾರ್ಫುವಿನಲ್ಲಿ ಒಬ್ಬ ಗುತ್ತಿಗೆದಾರನು ಋತುವಿಗೆ ಮುಂಚೆ ಇಟಲಿಯಿಂದ ಗಾಯಕರ ತಂಡವನ್ನು ಗೊತ್ತುಮಾಡಿ ಕರೆತರುತ್ತಿದ್ದನು. ಅವರು ಚಳಿಗಾಲದಲ್ಲಿ ದ್ವೀಪದಲ್ಲಿಯೇ ಬಿಡಾರ ಮಾಡಿಕೊಂಡು ಕಾರ್ನಿವಾಲ್ ಹಬ್ಬದವರೆಗೆ ಆಡುತ್ತಿದ್ದರು. ಕುಲೀನರು ತಮ್ಮ ತಮ್ಮ ಬಾಕ್ಸುಗಳಲ್ಲಿಯೂ ಸಾಮಾನ್ಯರು ಕೆಳಗಿನ ನೆಲದಲ್ಲಿಯೂ ಕುಳಿತು ಕೇಳುತ್ತಿದ್ದರು. ಪಟ್ಟಣಿಗರ ಕಿವಿಯು ಕ್ರಮೇಣ ಎಷ್ಟು ಪಳಗಿತೆಂದರೆ, 'ಕಾರ್ಫುವಿನಲ್ಲಿ ಮೆಚ್ಚುಗೆ ಪಡೆದವನು' ಎಂಬ ಮಾತು ಇಟಲಿಯ ಗಾಯಕನಿಗೆ ಒಂದು ಬಿರುದಿನಂತಿದ್ದಿತೆಂದು ಐತಿಹ್ಯವುಂಟು. ಆದರೆ ಇಷ್ಟರಿಂದಲೇ ಈ ಕಲೆಯು ದ್ವೀಪದ ಸ್ವತ್ತಾಯಿತೆಂದು ಹೇಳಲಾಗದು. ಹಾಡುವವರು ಪರದೇಶದವರು, ಭಾಷೆ ಪ್ರಭುಗಳದು, ವೆಚ್ಚಕ್ಕೆ ಮೂಲವಾದ ಎಣ್ಣೆಯನ್ನು ತೆಗೆಯುತ್ತಿದ್ದ ಹಳ್ಳಿಯವರಿಗೆ ಅಲ್ಲಿ ಸ್ಥಾನವಿಲ್ಲ. ಆ ಕಾಲದ ಮಟ್ಟಿಗೆ, ಆರಂಭದಲ್ಲಿ ಹೇಳಿದ ಸಾಮಾನ್ಯಾಭಿಪ್ರಾಯವು ಬಹುಮಟ್ಟಿಗೆ ಸರಿಯೆಂದೇ ಒಪ್ಪಬೇಕಾಗುವುದು.

೧೭೯೭ರಲ್ಲಿ ವೆನಿಸ್ ಗಣರಾಜ್ಯವು ನೆಪೋಲಿಯನ್ನನಿಂದ ಅಳಿದುಹೋಯಿತು. ಅನಂತರ ಹದಿನೆಂಟು ವರ್ಷಗಳ ಅವಧಿಯಲ್ಲಿ ದ್ವೀಪವು ಫ್ರೆಂಚರ ಕೈಗೂ, ರಷ್ಯ ಮತ್ತು ತುರ್ಕರ ಕೂಟದ ಕೈಗೂ, ಪುನಃ ಫ್ರೆಂಚರ ಕೈಗೂ ಹೋಗಿ, ಕೊನೆಗೆ ೧೮೧೫ರಲ್ಲಿ ಅಯೋನಿಯನ್ ಸಮುದ್ರದ ಇತರ ದ್ವೀಪಗಳೊಡನೆ ಬ್ರಿಟಿಷರ ರಕ್ಷಣೆಗೆ ಒಳಗಾಯಿತು. ರಕ್ಷಣೆಯೆಂಬುದು ಹೆಸರಿಗೆ ಮಾತ್ರ; ಆಳಿಕೆಯೆಲ್ಲ ಲಾರ್ಡ್ ಹೈ ಕಮಿಷನರ್ ಎಂಬ ಅಧಿಕಾರಿಯದೇ. ಈ ಅಧಿಕಾರಿಗಳಲ್ಲಿ ಒಬ್ಬನಿಗೆ ಕನ್ನಡನಾಡಿನೊಡನೆಯೂ ಸಂಬಂಧವುಂಟು. ವಾಟರ್ಲೂ ಯುದ್ಧದಲ್ಲಿ ಕಾದಿದ ಸರ್ ಫ್ರೆಡರಿಕ್ ಆಡಂ ಎಂಬುವನು ೧೮೨೪ರಿಂದ ೧೮೩೨ರವರೆಗೆ ಕಾರ್ಫುವಿನಲ್ಲಿ ಅಧಿಕಾರ ನಡೆಸಿ, ಆ ದ್ವೀಪದ ಹೆಣ್ಣನ್ನೇ ಮದುವೆಯಾಗಿ, ಊರಿನ ದಕ್ಷಿಣಕ್ಕೆ ಸಮುದ್ರದ ಮೇಲಣ ತೋಪಿನಲ್ಲಿ ಮಾನ್ ರೆಪೊ ಎಂಬ ವಿಹಾರಗೃಹವನ್ನು ಕಟ್ಟಿಸಿದನು. ಬೆನಿತ್ಸೆಸ್ ಹಳ್ಳಿಯ ಚಿಲುಮೆಗಳಿಂದ ಪಟ್ಟಣಕ್ಕೆ ಕುಡಿಯುವ ನೀರನ್ನು ತರಿಸಿದವನೂ ಇವನೇ. ಅಲ್ಲಿಂದ ಅವನು ಮದರಾಸಿನ ಗವರ್ನರನಾಗಿ ಬಂದು ೧೮೩೭ರವರೆಗೆ ಇದ್ದನು. ಬಳ್ಳಾರಿಯೂ ಮಂಗಳೂರೂ ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದವು. ಕೊಡಗು ಕಂಪೆನಿಯ ವಶವಾದದ್ದೂ ೧೮೩೪ರಲ್ಲಿ, ಅವನ ಕಾಲದಲ್ಲಿಯೇ. ಸಮುದ್ರದಾಚೆಯ ಒಂದು ದ್ವೀಪವನ್ನೂ ಪಶ್ಚಿಮಘಟ್ಟದ ನೆಲವನ್ನೂ ಒಂದೇ ವರ್ಗದ ಅಧಿಕಾರಿಗಳು ಸರದಿಯ ಮೇಲೆ ಆಳುತ್ತಿದ್ದ ಕಾಲವದು. ಅವನು ಕಟ್ಟಿಸಿದ ಮನೆಯು ಮುಂದೆ ಗ್ರೀಸಿನ ರಾಜಮನೆತನಕ್ಕೆ ಸೇರಿತು. ಇಂಗ್ಲೆಂಡಿನ ಎರಡನೆಯ ಎಲಿಜಬೆತ್ ರಾಣಿಯ ಪತಿಯಾದ ಫಿಲಿಪ್ ರಾಜಕುಮಾರನು ೧೯೨೧ರಲ್ಲಿ ಹುಟ್ಟಿದ್ದು ಅಲ್ಲಿಯೇ.

ಬ್ರಿಟಿಷರ ಕಾಲದಲ್ಲಿ ಕಾರ್ಫುವು ವಿಹಾರಸ್ಥಾನವಾಗಿ ಖ್ಯಾತಿಗೆ ಬಂದಿತು. ಉತ್ತರದ ಚಳಿಯನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಚಿತ್ರಕಾರರೂ ಪ್ರವಾಸಿಗಳೂ ಬಂದು ತಂಗುತ್ತಿದ್ದರು. ಮುಂದೆ ಭಾರತಕ್ಕೂ ಬಂದು ಇಲ್ಲಿಯ ದೃಶ್ಯಗಳನ್ನು ಬರೆದುಕೊಂಡ ಎಡ್ವರ್ಡ್ ಲಿಯರನು ೧೮೫೫ರ ಅನಂತರ ಹಲವು ಚಳಿಗಾಲಗಳನ್ನು ಇಲ್ಲಿ ಕಳೆದನು. ಸಾನ್ ಜಾಕೊಮೊದಲ್ಲಿ ಗೀತನಾಟಕವು ಮೊದಲಿನಂತೆಯೇ ನಡೆಯುತ್ತಿದ್ದಿತು. ಆದರೆ ಈ ಕಲೆಯ ಹಣೆಯಬರಹವನ್ನು ಬದಲಾಯಿಸಿದ ಸಂಗತಿಯು ನಡೆದದ್ದು ನಾಟಕಶಾಲೆಯೊಳಗಲ್ಲ, ಬೀದಿಯಲ್ಲಿ.

ಸಂತ ಸ್ಪಿರಿಡಾನನ ಮೆರವಣಿಗೆಗಳಲ್ಲಿ ಬ್ರಿಟಿಷ್ ದಂಡಿನ ಬ್ಯಾಂಡುಗಳು ವಾದ್ಯಗಳನ್ನು ನುಡಿಸುತ್ತ ನಡೆಯುವ ರೂಢಿಯಿದ್ದಿತು. ೧೮೩೭ರ ಸುಮಾರಿಗೆ ಅಧಿಕಾರಿಗಳು, ತಮ್ಮ ಸೈನಿಕರು ಅನ್ಯಮತದ ಉತ್ಸವಗಳಲ್ಲಿ ಭಾಗವಹಿಸಕೂಡದೆಂದು ತಡೆದರು. ವರ್ಷಕ್ಕೆ ನಾಲ್ಕು ಬಾರಿ ಬೀದಿಗಿಳಿಯುವ ತಮ್ಮ ಸಂತನು ವಾದ್ಯವಿಲ್ಲದೆ ಹೋಗುವುದೆಂದರೆ ಪಟ್ಟಣಿಗರಿಗೆ ಸಹಿಸಲಾರದ ಅವಮಾನವಾಗಿ ತೋರಿತು. ಅವರು ಮನವಿಪತ್ರಗಳನ್ನು ಬರೆಯುತ್ತ ಕೂಡಲಿಲ್ಲ. ತಮ್ಮದೇ ಆದ ಬ್ಯಾಂಡನ್ನು ಕಟ್ಟಲು ನಿಶ್ಚಯಿಸಿದರು. ೧೮೪೦ರ ಸೆಪ್ಟೆಂಬರ್ ೧೨ರಂದು ಕಾರ್ಫು ಫಿಲ್ಹಾರ್ಮೋನಿಕ್ ಸಂಘವು ಸ್ಥಾಪಿತವಾಯಿತು.

ಸಂಘದ ಕಲಾನಿರ್ದೇಶಕನಾಗಿ ಆಜೀವವೂ ದುಡಿದವನು ನಿಕೊಲಾಸ್ ಮಾಂಟ್ಸಾರೋಸ್ (೧೭೯೫–೧೮೭೨). ಇವನು ಕುಲೀನ ಮನೆತನದವನು. ನೇಪಲ್ಸಿಗೆ ಹೋಗಿ ಝಿಂಗರೆಲ್ಲಿ ಎಂಬ ಪ್ರಸಿದ್ಧ ಆಚಾರ್ಯನ ಒಡನಾಟದಲ್ಲಿ ಸಂಗೀತಶಾಸ್ತ್ರವನ್ನು ಅಭ್ಯಾಸಮಾಡಿದವನು. ಇಪ್ಪತ್ತು ವರ್ಷದವನಾಗಿದ್ದಾಗಲೇ, ೧೮೧೫ರಲ್ಲಿ, ಇವನ ಇಟಾಲಿಯನ್ ಹಾಸ್ಯರೂಪಕವೊಂದು ಸಾನ್ ಜಾಕೊಮೊದಲ್ಲಿ ನಡೆದಿದ್ದಿತು. ಸಂಗೀತದಿಂದ ಹಣ ಗಳಿಸುವುದು ತನ್ನ ಅಂತಸ್ತಿಗೆ ಒಪ್ಪದೆಂದು ಬಗೆದು ಇವನು ಯಾರಿಂದಲೂ ಸಂಭಾವನೆಯನ್ನು ತೆಗೆದುಕೊಳ್ಳುತ್ತಿರಲಿಲ್ಲ. ಹುಟ್ಟಿನ ಅಭಿಮಾನದಿಂದ ಬಂದ ಈ ನಿಯಮವು ಊರಿಗೆ ದೊಡ್ಡ ಉಪಕಾರವಾಗಿ ಪರಿಣಮಿಸಿತು. ಫೀಸು ಕೊಡಲಾರದ ಮನೆಗಳ ಹುಡುಗರೂ ಅವನ ಬಳಿ ಸ್ವರಶಾಸ್ತ್ರವನ್ನು ಕಲಿತರು. ಫಿಲ್ಹಾರ್ಮೋನಿಕ್ ಸಂಘವು ಬರಿಯ ಬ್ಯಾಂಡಾಗಿ ಉಳಿಯದೆ ಪಾಠಶಾಲೆಯಾಯಿತು. ಹಿಂದೆ ಬಾಕ್ಸುಗಳ ಸ್ವತ್ತಾಗಿದ್ದ ವಿದ್ಯೆಯು ಈಗ ನೆಲದ ಪ್ರೇಕ್ಷಕನ ಮಗನ ಕೈಗೆ ಕೊಳಲಾಗಿಯೂ ಕಹಳೆಯಾಗಿಯೂ ಬಂದಿತು.

ಮಾಂಟ್ಸಾರೋಸನ ಹೆಸರು ಗ್ರೀಸಿನಲ್ಲೆಲ್ಲ ಉಳಿದಿರುವುದು ಮತ್ತೊಂದು ಕಾರಣದಿಂದ. ಝಾಕಿಂತೋಸ್ ದ್ವೀಪದಿಂದ ೧೮೨೮ರಲ್ಲಿ ಕಾರ್ಫುವಿಗೆ ಬಂದು ನೆಲೆಸಿದ ಸೊಲೊಮೋಸ್ ಕವಿಯು ಐದು ವರ್ಷ ಮೊದಲು, ೧೮೨೩ರಲ್ಲಿ, ಸ್ವಾತಂತ್ರ್ಯವನ್ನು ಸ್ತುತಿಸಿ ೧೫೮ ಪದ್ಯಗಳ ದೀರ್ಘಗೀತವೊಂದನ್ನು ಬರೆದಿದ್ದನು. ಇಟಾಲಿಯನ್ ವಿದ್ಯಾಭ್ಯಾಸದಲ್ಲಿ ಬೆಳೆದ ಕವಿಯು ಜನರಾಡುವ ಗ್ರೀಕಿಗೆ ತಿರುಗಿದನು. ಇಟಾಲಿಯನ್ ಶಿಕ್ಷಣದಲ್ಲಿ ಪಳಗಿದ ಸಂಗೀತಗಾರನು ಆ ಗ್ರೀಕಿಗೆ ರಾಗವನ್ನು ಕಟ್ಟಿದನು. ಅದರ ಮೊದಲ ಪದ್ಯಗಳು ೧೮೬೫ರಲ್ಲಿ ಗ್ರೀಸ್ ದೇಶದ ರಾಷ್ಟ್ರಗೀತೆಯಾದವು. ಸ್ವತಂತ್ರ ದೇಶವೊಂದು ತನ್ನ ಗೀತೆಯನ್ನು ಪರರ ಆಳಿಕೆಗೊಳಪಟ್ಟಿದ್ದ ದ್ವೀಪದಿಂದ ಪಡೆಯಿತೆಂಬುದು ಗಮನಾರ್ಹ.

೧೮೬೪ರಲ್ಲಿ ಬ್ರಿಟಿಷರು ದ್ವೀಪಗಳನ್ನು ಗ್ರೀಸಿಗೆ ಒಪ್ಪಿಸಿ, ಕೋಟೆಗಳ ಕೆಲವು ಭಾಗಗಳನ್ನು ಸಿಡಿಸಿ, ಹೊರಟುಹೋದರು. ಆಳುವವರ ಆಶ್ರಯದಿಂದಲೇ ಗೀತನಾಟಕವು ಬದುಕಿದ್ದ ಪಕ್ಷದಲ್ಲಿ ಅದು ಈಗ ನಶಿಸಬೇಕಾಗಿದ್ದಿತು. ನಡೆದದ್ದು ಇದಕ್ಕೆ ವಿರುದ್ಧ. ಮೂರು ವರ್ಷಗಳ ತರುವಾಯ, ೧೮೬೭ರಲ್ಲಿ, ಮಾಂಟ್ಸಾರೋಸನ ಶಿಷ್ಯನಾದ ಸ್ಪಿರಿಡಾನ್ ಕ್ಸಿಂಡಾಸನು ರಚಿಸಿದ 'ಪಾರ್ಲಿಮೆಂಟಿನ ಅಭ್ಯರ್ಥಿ' ಎಂಬ ಕೃತಿಯು ಸಾನ್ ಜಾಕೊಮೊ ರಂಗದ ಮೇಲೆ ಬಂದಿತು. ಗ್ರೀಕ್ ಭಾಷೆಯ ಸಾಹಿತ್ಯವುಳ್ಳ ಮೊದಲ ಗೀತನಾಟಕವೆಂದು ಇದು ಸಾಮಾನ್ಯವಾಗಿ ಎಣಿಸಲ್ಪಡುವುದು. ಇದರಲ್ಲಿ ದೇವತೆಗಳಿಲ್ಲ, ಪ್ರಾಚೀನ ವೀರರಿಲ್ಲ. ಚುನಾವಣೆಯ ಕಾಲದ ಕಾರ್ಫು ಹಳ್ಳಿಗರೂ, ಅವರ ಓಟನ್ನು ಬಯಸಿ ಬರುವ ದೊಡ್ಡಮನುಷ್ಯರೂ ಇದರ ಪಾತ್ರಗಳು. ಎಣ್ಣೆಯ ಹಣದಿಂದ ಕಟ್ಟಿದ ನಾಟಕಶಾಲೆಯಲ್ಲಿ ಆ ಎಣ್ಣೆ ತೆಗೆದವನು ಕೊನೆಗೂ ರಂಗವೇರಿದನು, ಅದೂ ತನ್ನ ಮಾತಿನಲ್ಲಿಯೇ. ೧೮೮೮ರಲ್ಲಿ ಅಥೆನ್ಸ್ ನಗರವೂ ಈ ಕೃತಿಯನ್ನು ಕಂಡಿತು. ರಂಗದ ಮೇಲೆ ಸ್ಥಾನ ದೊರೆತೊಡನೆಯೇ ಹಳ್ಳಿಗನ ಕಷ್ಟಗಳು ತೀರಿದವೆಂದಲ್ಲ. ಆದರೆ ಆಳುವವರ ಭಾಷೆಯಲ್ಲಿ ಆಳುವವರ ಕಥೆಯನ್ನೇ ಹಾಡಬೇಕೆಂಬ ಕಟ್ಟು ಅಂದಿಗೆ ಮುರಿಯಿತು.

ಈ ಪರಂಪರೆಯ ಮೂರನೆಯ ತಲೆಮಾರಿನವನು ೧೮೬೧ರಲ್ಲಿ ಕಾರ್ಫುವಿನಲ್ಲಿ ಹುಟ್ಟಿದ ಸ್ಪಿರಿಡಾನ್ ಸಾಮಾರಾಸ್. ಅಥೆನ್ಸ್ ಮತ್ತು ಪ್ಯಾರಿಸ್ ನಗರಗಳಲ್ಲಿ ಕಲಿತ ಇವನ 'ಫ್ಲೋರಾ ಮಿರಾಬಿಲಿಸ್' ಎಂಬ ಗೀತನಾಟಕವು ೧೮೮೬ರಲ್ಲಿ ಇಟಲಿಯ ಮಿಲಾನಿನಲ್ಲಿಯೇ ನಡೆದು ಜಯ ಪಡೆಯಿತು. ಗಾಯಕರನ್ನು ಇಟಲಿಯಿಂದ ತರಿಸಿಕೊಳ್ಳುತ್ತಿದ್ದ ದ್ವೀಪವು ಇಟಲಿಗೇ ರಚನಕಾರನನ್ನು ಕಳುಹಿಸಿತು. ೧೮೯೬ರಲ್ಲಿ ಅಥೆನ್ಸಿನಲ್ಲಿ ಒಲಿಂಪಿಕ್ ಕ್ರೀಡೆಗಳು ಪುನರುಜ್ಜೀವನಗೊಂಡಾಗ, ಪಲಮಾಸ್ ಕವಿಯ ಪದ್ಯಕ್ಕೆ ಸಂಗೀತವನ್ನು ಕೊಟ್ಟವನೂ ಇವನೇ. ೧೯೫೮ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಅದನ್ನೇ ಅಧಿಕೃತ ಗೀತೆಯಾಗಿ ಸ್ವೀಕರಿಸಿತು.

ಇದೇ ಕಾಲದಲ್ಲಿ ದ್ವೀಪದಲ್ಲಿ ಮತ್ತೊಂದು ಬಗೆಯ ಸಂಸ್ಕೃತಿಯೂ ತಲೆಯೆತ್ತಿತು. ಆಸ್ಟ್ರಿಯದ ಎಲಿಜಬೆತ್ ಚಕ್ರವರ್ತಿನಿಯು, ಏಕಾಂತವನ್ನು ಬಯಸಿ, ಗಸ್ತೂರಿ ಎಂಬ ಹಳ್ಳಿಯ ಬೆಟ್ಟದ ಮೇಲೆ ಅಖಿಲ್ಲೆಯಾನ್ ಎಂಬ ಅರಮನೆಯನ್ನು ೧೮೮೯ರಿಂದ ೧೮೯೧ರೊಳಗೆ ಕಟ್ಟಿಸಿದಳು. ಹೋಮರನ ಕಾವ್ಯದ ವೀರನಾದ ಅಖಿಲ್ಲೆಸನ ಹೆಸರನ್ನು ಅದಕ್ಕಿಟ್ಟು, ಸಾಯುತ್ತಿರುವ ಆ ವೀರನ ಅಮೃತಶಿಲೆಯ ಪ್ರತಿಮೆಯನ್ನು ತೋಟದಲ್ಲಿ ನಿಲ್ಲಿಸಿದಳು. ೧೮೯೮ರಲ್ಲಿ ಅವಳು ಜಿನೀವಾದಲ್ಲಿ ಕೊಲೆಗೀಡಾದಳು. ೧೯೦೭ರಲ್ಲಿ ಜರ್ಮನಿಯ ಎರಡನೆಯ ವಿಲ್ಹೆಲ್ಮ್ ಚಕ್ರವರ್ತಿಯು ಅರಮನೆಯನ್ನು ಕೊಂಡು, ತನ್ನ ಅಭಿರುಚಿಗೆ ತಕ್ಕಂತೆ, ಈಟಿ ಹಿಡಿದು ನಿಂತ ಅಖಿಲ್ಲೆಸನ ಬೃಹತ್ ಪ್ರತಿಮೆಯನ್ನು ಸ್ಥಾಪಿಸಿದನು. ಮೊದಲ ಮಹಾಯುದ್ಧದೊಡನೆ ಅವನ ಬರವೂ ನಿಂತಿತು. ಅಲ್ಲಿದ್ದ ಸೊಬಗು ಸುಳ್ಳಲ್ಲ. ಇಬ್ಬರ ಗ್ರೀಕ್ ಪ್ರೇಮವೂ ಕಪಟವಲ್ಲ. ಆದರೆ ಆ ಸೊಬಗಿಗೆ ಶಿಷ್ಯರಿರಲಿಲ್ಲ. ಒಡೆಯರು ಹೋದ ಮೇಲೆ ಉಳಿದದ್ದು ಕಟ್ಟಡವೂ ಪ್ರತಿಮೆಗಳೂ ಮಾತ್ರ. ಅವು ನೋಡತಕ್ಕ ವಸ್ತುಗಳಾದವು, ಮಾಡತಕ್ಕ ವಿದ್ಯೆಯಾಗಲಿಲ್ಲ. ವಿಹಾರದ್ವೀಪಗಳ ವಿಷಯದ ಸಾಮಾನ್ಯಾಭಿಪ್ರಾಯವು ಅಖಿಲ್ಲೆಯಾನಿಗೆ ಚೆನ್ನಾಗಿ ಒಪ್ಪುವುದು. ಫಿಲ್ಹಾರ್ಮೋನಿಕ್ ಸಂಘಕ್ಕೆ ಒಪ್ಪಲಾರದು.

ಹಳೆಯ ಸಾನ್ ಜಾಕೊಮೊ ಜನಕ್ಕೆ ಸಾಲದೆ ಹೋದುದರಿಂದ ಪಟ್ಟಣಿಗರು ವಿಶಾಲವಾದ ಪುರಸಭಾ ನಾಟಕಶಾಲೆಯನ್ನು ಕಟ್ಟಿಸಿದರು. ಅದು ೧೯೦೨ರ ಡಿಸೆಂಬರಿನಲ್ಲಿ ವಾಗ್ನರನ 'ಲೋಹೆನ್‌ಗ್ರಿನ್' ಗೀತನಾಟಕದೊಡನೆ ಪ್ರಾರಂಭವಾಯಿತು. ಹಳೆಯ ಕಟ್ಟಡವು ಮೇಲೊಂದು ಅಂತಸ್ತನ್ನು ಪಡೆದು ಪುರಭವನವಾಯಿತು. ಮೊದಲ ಮಹಾಯುದ್ಧದಲ್ಲಿ ತಮ್ಮ ದೇಶವನ್ನು ಕಳೆದುಕೊಂಡು ೧೯೧೬ರಲ್ಲಿ ಕಾರ್ಫುವಿಗೆ ಬಂದ ಸರ್ಬಿಯರ ಪಾರ್ಲಿಮೆಂಟು ಸಭೆ ಸೇರಿದ್ದು ಈ ಹೊಸ ನಾಟಕಶಾಲೆಯಲ್ಲಿಯೇ. ನೆಲವಿಲ್ಲದ ರಾಷ್ಟ್ರಕ್ಕೆ ಗೀತನಾಟಕದ ರಂಗವು ಕೆಲವು ಕಾಲ ಆಶ್ರಯವಾಯಿತು.

೧೯೪೩ರ ಸೆಪ್ಟೆಂಬರಿನಲ್ಲಿ ಇಟಲಿಯು ಮಿತ್ರರಾಷ್ಟ್ರಗಳಿಗೆ ಶರಣಾದಾಗ, ದ್ವೀಪದಲ್ಲಿದ್ದ ಇಟಾಲಿಯನ್ ದಂಡು ಜರ್ಮನರಿಗೆ ಶಸ್ತ್ರಗಳನ್ನು ಒಪ್ಪಿಸಲಿಲ್ಲ. ಆ ತಿಂಗಳ ೧೩ರ ರಾತ್ರಿ ಜರ್ಮನ್ ವಿಮಾನಗಳು ಪಟ್ಟಣದ ಮೇಲೆ ಬೆಂಕಿಬಾಂಬುಗಳನ್ನು ಸುರಿದವು. ಅನೇಕ ಮನೆಗಳೂ ದೇವಾಲಯಗಳೂ ಉರಿದುಹೋದವು. ೧೮೨೪ರಲ್ಲಿ ಸ್ಥಾಪಿತವಾದ ಅಯೋನಿಯನ್ ವಿದ್ಯಾಪೀಠದ ಕಟ್ಟಡವೂ ಅದರೊಳಗಿದ್ದ ಗ್ರಂಥಭಂಡಾರವೂ ಸುಟ್ಟವು. ನಾಲ್ವತ್ತು ವರ್ಷಗಳ ನಾಟಕಶಾಲೆಯಲ್ಲಿ ಉಳಿದದ್ದು ಹೊರಗೋಡೆಗಳು ಮಾತ್ರ. ಆ ಗೋಡೆಗಳನ್ನೂ ಅನಂತರ ಕೆಡವಿದರು. ಅಲ್ಲಿ ಈಗ ನಿಂತಿರುವುದು ೧೯೮೦ರ ಸುಮಾರಿಗೆ ಮುಗಿದ ಹೊಸ ಮಾದರಿಯ ಕಟ್ಟಡ. ಹಳೆಯದರ ಚೆಲುವು ಅದಕ್ಕಿಲ್ಲವೆಂದು ಊರಿನವರು ಮರುಗುವುದುಂಟು.

ಯುದ್ಧಾನಂತರದ ದಶಕಗಳಲ್ಲಿ ಹೋಟೆಲುಗಳು ಕರಾವಳಿಯುದ್ದಕ್ಕೂ ಎದ್ದವು. ಬೇಸಿಗೆಯ ಪ್ರವಾಸಿಗಳೇ ದ್ವೀಪದ ಮುಖ್ಯ ಜೀವನಾಧಾರವಾದರು. ಆಲಿವ್ ಎಣ್ಣೆಯ ಸ್ಥಾನವನ್ನು ಅತಿಥಿಯ ಹಣವು ಆಕ್ರಮಿಸಿತು. ೨೦೦೭ರಲ್ಲಿ ಹಳೆಯ ಪಟ್ಟಣವು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸಂಗೀತವಾದರೋ ಪ್ರವಾಸಿಗಳನ್ನು ಕಾಯದೆ ತನ್ನ ಹಾದಿಯಲ್ಲಿಯೇ ನಡೆಯಿತು. ೧೮೪೦ರ ಸಂಘಕ್ಕೆ ೧೮೯೦ರಲ್ಲಿ ಮಾಂಟ್ಸಾರೋಸನ ಹೆಸರಿನ ಸಂಘವೂ, ೧೯೮೦ರಲ್ಲಿ ಕಪೊದಿಸ್ತ್ರಿಯಾಸನ ಹೆಸರಿನ ಸಂಘವೂ ಜೊತೆಯಾದವು. ಹಳ್ಳಿಗಳಲ್ಲಿಯೂ ಬ್ಯಾಂಡುಗಳು ಹುಟ್ಟಿದವು. ಈ ಸಂಘಗಳಲ್ಲಿ ಮಕ್ಕಳಿಗೆ ವಾದ್ಯವಿದ್ಯೆಯನ್ನು ಇಂದಿಗೂ ಕಲಿಸುತ್ತಾರೆ. ಅಯೋನಿಯನ್ ವಿಶ್ವವಿದ್ಯಾನಿಲಯದ ಸಂಗೀತ ವಿಭಾಗವೂ ಕಾರ್ಫುವಿನಲ್ಲಿಯೇ ಇದೆ.

ಈ ಪರಂಪರೆಯ ಬಲವನ್ನು ಅಳೆಯುವುದಕ್ಕೆ ಒಂದು ನಿದರ್ಶನವೇ ಸಾಕು. ಫ್ರಾಂಕೊ ಫಾಚ್ಚೋ ಎಂಬ ಇಟಾಲಿಯನ್ ರಚನಕಾರನು, ಬೊಯಿತೊ ಕವಿಯ ಸಾಹಿತ್ಯಕ್ಕೆ, ಷೇಕ್ಸ್‌ಪಿಯರನ ಹ್ಯಾಮ್ಲೆಟ್ ಕಥೆಯನ್ನು ಗೀತನಾಟಕವನ್ನಾಗಿ ಮಾಡಿದನು. ಅದು ೧೮೬೫ರಲ್ಲಿ ಜಿನೋವಾದಲ್ಲಿ ನಡೆಯಿತು. ೧೮೭೧ರಲ್ಲಿ ಮಿಲಾನಿನ ಲಾ ಸ್ಕಾಲಾ ರಂಗದಲ್ಲಿ ಆಡಿದಾಗ ಕೃತಿಯು ಸೋತಿತು. ನೊಂದ ರಚನಕಾರನು ಅದನ್ನು ಹಿಂದಕ್ಕೆ ತೆಗೆದುಕೊಂಡನು. ಅಲ್ಲಿಂದ ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಅದನ್ನು ಯಾವ ದೊಡ್ಡ ನಾಟಕಶಾಲೆಯೂ ಆಡಲಿಲ್ಲ. ಅದು ಪುನಃ ರಂಗವನ್ನು ಕಂಡದ್ದು ೨೦೧೪ರಲ್ಲಿ, ಅಮೆರಿಕದಲ್ಲಿ. ಆದರೆ ಆ ಗೀತನಾಟಕದಲ್ಲಿಯ ಶವಯಾತ್ರೆಯ ಸಂಗೀತವನ್ನು ಕಾರ್ಫುವಿನ ಹಳೆಯ ಫಿಲ್ಹಾರ್ಮೋನಿಕ್ ಸಂಘದವರು ತಮ್ಮ ಬ್ಯಾಂಡಿಗೆ ಅಳವಡಿಸಿಕೊಂಡರು. ಈಸ್ಟರ್ ಹಬ್ಬದ ಹಿಂದಿನ ಶನಿವಾರ ಬೆಳಗ್ಗೆ, ಸಂತ ಸ್ಪಿರಿಡಾನನ ದೇಹವು ಬೀದಿಗೆ ಬರುವಾಗ, ಅವರು ನುಡಿಸುವುದು ಅದನ್ನೇ. ಹುಟ್ಟಿದ ದೇಶವು ಮರೆತ ರಾಗವನ್ನು ಈ ಊರಿನ ಮಕ್ಕಳೂ ಗುರುತಿಸಬಲ್ಲರು. ೧೭೧೬ರಲ್ಲಿ ಬೇರೆಬೇರೆಯಾಗಿ ಹುಟ್ಟಿದ ಮೆರವಣಿಗೆ ಮತ್ತು ಸಂಗೀತಗಳು ಇಲ್ಲಿ ಒಂದಾಗಿವೆ.

ಇದರಿಂದ ತಿಳಿದುಬರುವುದೇನೆಂದರೆ: ಉನ್ನತವಾದ ಕಲೆಯು ಒಂದು ಸ್ಥಳದಲ್ಲಿ ನೆಲೆಯೂರುವುದು ಅದನ್ನು ತಂದವರ ಐಶ್ವರ್ಯದಿಂದಲ್ಲ, ಕೇಳುವವರ ಅಭಿರುಚಿಯೊಂದರಿಂದಲೂ ಅಲ್ಲ. ಕೇಳುವವನು ನುಡಿಸುವವನಾಗಬೇಕು; ವಿದ್ಯೆಯು ಹಣವಿಲ್ಲದವನ ಮನೆಗೂ ಹೋಗಬೇಕು; ಊರಿನ ಭಾಷೆಯೂ ಊರಿನ ಉತ್ಸವವೂ ಅದನ್ನು ತಮ್ಮದೆನ್ನಬೇಕು. ವೆನಿಸಿನ ಪ್ರಭುಗಳು ಕಾರ್ಫುವಿಗೆ ನಾಟಕಶಾಲೆಯನ್ನು ಕೊಟ್ಟರು. ಬ್ರಿಟಿಷ್ ಅಧಿಕಾರಿಗಳು, ತಾವರಿಯದೆಯೇ, ತಮ್ಮ ತಡೆಯಾಜ್ಞೆಯಿಂದ ಅದಕ್ಕೆ ಬ್ಯಾಂಡನ್ನು ಕೊಟ್ಟರು. ಇವೆರಡನ್ನೂ ಪರಂಪರೆಯನ್ನಾಗಿ ಮಾಡಿದವರು ಪಟ್ಟಣದ ಜನರು. ಬೆಂಕಿಯು ಕಟ್ಟಡವನ್ನು ಸುಟ್ಟಾಗ ಕಲೆಯು ಸುಡದೆ ಉಳಿದದ್ದಕ್ಕೆ ಕಾರಣವು ಇದೇ: ಅದು ಆ ವೇಳೆಗೆ ಕಟ್ಟಡವನ್ನು ಬಿಟ್ಟು ಹೊರಗೆ ಬಂದು ನೂರು ವರ್ಷಗಳಾಗಿದ್ದವು.